ಹಳೆಯ ಕಾರಿಗೆ ಹೊಸ ಬುದ್ಧಿ



ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಎಲ್ಲರಿಗೂ ಗೊತ್ತು. ಕಾರು ತಯಾರಿಸುವವರ ಕಸುಬಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಕಾರೊಂದರ ಗುಣಾವಗುಣ ಪೂರ್ತಿಯಾಗಿ ತಿಳಿಯುವುದು ಅದು ಮಾರಾಟವಾದ ಮೇಲೆಯೇ. ಪರೀಕ್ಷೆಯ ಪಥದಲ್ಲಿ ಕಾಣದ ಕುಂದು ಸಾವಿರಾರು ಮಂದಿ ಸಾವಿರಾರು ಬಗೆಯಲ್ಲಿ ಓಡಿಸಿದಾಗ ಹೊರಬೀಳುತ್ತದೆ. ಕುಂದು ಕಂಡರೆ ಮುಂದಿನ ಕಾರುಗಳಲ್ಲಿ ತಿದ್ದುತ್ತಾರೆ, ಸರಿ. ಈಗಾಗಲೇ ಮಾರಿಹೋದ ಕಾರುಗಳ ಗತಿ ಏನು? ಅವುಗಳಿಗೂ ಆ ಸುಧಾರಣೆಯನ್ನು ಅಳವಡಿಸಿಕೊಡುವುದು ತಯಾರಕರ ಹೊಣೆಯೇ?

ಸ್ಪೋರ್ಟ್ಸ್ ಕಾರುಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಅವುಗಳ ವೇಗ ಹೆಚ್ಚು. ಹಾಗಾಗಿ ಸಣ್ಣ ಕುಂದೂ ಪ್ರಾಣಕ್ಕೆ ಎರವಾಗಬಹುದು. ಇನ್ನೊಂದೆಡೆ, ಅವನ್ನು ಜನ ಕೊಳ್ಳುವುದೇ ಅಂದಕ್ಕಾಗಿ, ಓಡಿಸುವ ಖುಷಿಗಾಗಿ. ಅದರ ಮೈಮೇಲೆ ಒಂದು ಗೆರೆ ಎಳೆದರೂ ಒಡೆಯನಿಗೆ ಸಂಕಟ.

ಈ ಎರಡೂ ಒಟ್ಟಿಗೇ ಎದುರಾದ ಪ್ರಸಂಗ ಜರ್ಮನಿಯ ಆಡಿ ಟಿಟಿ ಕಾರಿನದು. 1995ರಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಇದರ ಮಾದರಿ ಕಾಣಿಸಿಕೊಂಡಿತು. 1998ರಲ್ಲಿ ಕಾರು ಮಾರುಕಟ್ಟೆಗೆ ಬಂದಿತು. ಮುಂದಿನಿಂದ ಹಿಂದಿನವರೆಗೆ ಗುಂಡನೆಯ ಕಮಾನುಗಳನ್ನೇ ಜೋಡಿಸಿದಂಥ ಅದರ ರೂಪಕ್ಕೆ ವಿನ್ಯಾಸಗಾರರೆಲ್ಲ ತಲೆದೂಗಿದರು. ಆ ಗುಂಡನೆಯ ಬೆನ್ನೇ ಮುಂದೆ ತಲೆನೋವಾಯಿತು.

ವಿಮಾನದ ರೆಕ್ಕೆಯನ್ನು ಎತ್ತುವ ಗಾಳಿ ಕಾರಿನ ಬಾಗಿದ ಬೆನ್ನನ್ನೂ ಎತ್ತಲು ನೋಡುತ್ತದೆ. ವೇಗ ಕಡಿಮೆ ಇದ್ದಾಗ ಇದು ಲೆಕ್ಕಕ್ಕಿಲ್ಲ. ವೇಗ ಹೆಚ್ಚಿದಂತೆ ಹಿಂದಿನ ಚಕ್ರಗಳು ನೆಲವನ್ನು ಒತ್ತುವ ಬಲ ಕುಗ್ಗುತ್ತದೆ. ಅದೇ ಗಳಿಗೆಯಲ್ಲಿ ತಿರುವಿನ ನಡುವೆ ಚಾಲಕ ಗಾಬರಿಯಿಂದ ಆಕ್ಸಿಲರೇಟರಿನ ಮೇಲಿನ ಕಾಲು ತೆಗೆದನೆನ್ನಿ. ಭಾರವೆಲ್ಲ ಮುಂದಕ್ಕೆ ಸರಿಯುತ್ತದೆ, ಹಿಂಭಾಗ ಮತ್ತಷ್ಟು ಹಗುರಾಗಿ ಪಕ್ಕಕ್ಕೆ ಜಾರುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ಜರ್ಮನಿಯ ಆಟೋಬಾನ್ ಹೆದ್ದಾರಿಗಳ ಬಹುಭಾಗದಲ್ಲಿ ವೇಗಕ್ಕೆ ಕಾನೂನಿನ ಮಿತಿಯಿಲ್ಲ. ಅಲ್ಲಿ ಗಂಟೆಗೆ 180 ಕಿ.ಮೀ.ಗೂ ಮೀರಿದ ವೇಗದಲ್ಲಿ ಹಠಾತ್ತನೆ ಪಥ ಬದಲಿಸುವಾಗ, ತಿರುವು ಪಡೆಯುವಾಗ ಟಿಟಿ ಕಾರುಗಳು ಅಪಘಾತಕ್ಕೀಡಾದವು. ಸಾವುಗಳೂ ಸಂಭವಿಸಿದವು. ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು.

1999ರ ಕೊನೆ ಮತ್ತು 2000ದ ಆರಂಭದಲ್ಲಿ ಆಡಿ ಕಂಪನಿ ಮಾರಿದ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಡಿಕ್ಕಿಯ ಬಾಗಿಲಿನ ಅಂಚಿಗೆ ಸ್ಪಾಯ್ಲರ್ ಎಂಬ ಪುಟ್ಟ ಪಟ್ಟಿ ಬಂದಿತು. ಹಿಂಭಾಗವನ್ನು ಗಾಳಿ ಎತ್ತದಂತೆ ತಡೆಯುವುದು ಅದರ ಕೆಲಸ. ಸಸ್ಪೆನ್ಷನ್ನಿನಲ್ಲೂ ಮಾರ್ಪಾಟುಗಳಾದವು. ಇವುಗಳ ಜೊತೆಗೆ ಇಎಸ್‌ಪಿ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಸೇರಿತು. ಕಾರು ಜಾರತೊಡಗಿದ್ದನ್ನು ಅರಿತು, ಬೇಕಾದ ಒಂದೇ ಚಕ್ರಕ್ಕೆ ತಾನಾಗಿ ಬ್ರೇಕು ಹಾಕಿ ಕಾರನ್ನು ದಾರಿಗೆ ತರುವ ವ್ಯವಸ್ಥೆ ಇದು. ಮುಂದೆ ತಯಾರಾದ ಟಿಟಿಗಳಲ್ಲೆಲ್ಲ ಈ ಸುಧಾರಣೆಗಳು ಬಂದವು.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ಆಗಲಿಲ್ಲ. ಸ್ಪಾಯ್ಲರ್ ಬಂದು ಕಾರಿನ ಅಂದ ಕೆಟ್ಟಿತು ಎಂದು ಹಲವರು ಗೊಣಗಿದರು. ಪಟ್ಟಿಯಿಲ್ಲದ ಮೊದಲ ಕಾರುಗಳನ್ನೇ ಹುಡುಕಿಕೊಂಡು ಹೋಗುವ ಅಭಿಮಾನಿಗಳೂ ಇದ್ದಾರೆ. ಸ್ಪೋರ್ಟ್ಸ್ ಕಾರು ಬಲ್ಲವರಿಗಾಗಿ ಇರುವುದು, ಓಡಿಸಲು ಬಾರದವರಿಗಾಗಿ ಅದನ್ನೇಕೆ ಪಳಗಿಸಬೇಕು ಎಂಬುದು ಅವರ ವಾದ.

ಈ ವಾದಕ್ಕೆ ಹಳೆಯ ಬೇರುಗಳಿವೆ. 1954ರಲ್ಲಿ ಬಂದ ಮರ್ಸಿಡಿಸ್ 300 ಎಸ್‌ಎಲ್ ಕಾರನ್ನೇ ನೋಡಿ. ಹಕ್ಕಿ ರೆಕ್ಕೆ ಬಿಚ್ಚಿದಂತೆ ಮೇಲಕ್ಕೆ ತೆರೆದುಕೊಳ್ಳುವ ಬಾಗಿಲುಗಳ ಈ ಕಾರು ಸುಮಾರು 1,400ರಷ್ಟು ಮಾತ್ರ ತಯಾರಾಯಿತು. ಅದರ ಹಿಂದಿನ ಆಕ್ಸಲ್ ಎರಡು ತುಂಡಾಗಿ ಮೇಲೆ ಕೆಳಗೆ ತೂಗುವಂಥದು. ತಿರುವಿನಲ್ಲಿ ತಟ್ಟನೆ ವೇಗ ತಗ್ಗಿಸಿದರೆ ಚಕ್ರ ಒಳಕ್ಕೆ ಮಡಚಿದಂತಾಗಿ ಹಿಡಿತ ತಪ್ಪುತ್ತಿತ್ತು. 1957ರಲ್ಲಿ ಬಂದ ತೆರೆದ ಮಾದರಿಯಲ್ಲಿ ಆಕ್ಸಲ್ ತೂಗುವ ಕೀಲನ್ನು ಕೆಳಕ್ಕಿಳಿಸಿ ಈ ದೋಷವನ್ನು ಬಹಳಷ್ಟು ತಗ್ಗಿಸಿದರು. 1961ರಲ್ಲಿ ಅದಕ್ಕೆ ಡಿಸ್ಕ್ ಬ್ರೇಕುಗಳೂ ಬಂದವು. ಇಂದು ಕೋಟ್ಯಂತರ ರೂಪಾಯಿ ಬಾಳುವ ಮೊದಲ ಕಾರಿಗೆ ಕೊನೆಯ ಕಾರಿನ ಆಕ್ಸಲ್ ಜೋಡಿಸಿದರೆ ಅದು ಸುಧಾರಣೆಯೋ, ಇತಿಹಾಸವನ್ನು ಅಳಿಸಿದಂತೆಯೋ? ಆ ಕಾಲದ ಎಂಜಿನಿಯರುಗಳಿಗೆ ಏನು ತಿಳಿದಿತ್ತು, ಏನು ತಿಳಿದಿರಲಿಲ್ಲ ಎಂಬುದಕ್ಕೆ ಆ ಕಾರೇ ದಾಖಲೆ.

ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗುಡಿಯ ಕಲ್ಲಿಗೆ ಬಣ್ಣ ಬಳಿದರೆ ತಿಳಿದವರು ನೊಂದುಕೊಳ್ಳುವುದಿಲ್ಲವೇ? ಇದೂ ಹಾಗೆಯೇ. ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಇದಕ್ಕೊಂದು ದಾರಿ ತೋರಿಸಿದೆ. ಸುರಕ್ಷತೆಗಾಗಿ ಮಾರ್ಪಾಟು ಬೇಕಾದರೆ ಅದು ಕಣ್ಣಿಗೆ ಹೊಡೆಯುವಂತಿರಬಾರದು, ಬೇಕೆಂದಾಗ ತೆಗೆದು ಮೊದಲಿನಂತೆ ಮಾಡಲು ಬರುವಂತಿರಬೇಕು, ಕಳಚಿದ ಬಿಡಿಭಾಗಗಳನ್ನು ಜೋಪಾನವಾಗಿಡಬೇಕು ಎಂಬುದು ಅದರ ಆಶಯ.

ಇನ್ನು ತಯಾರಕರ ಕಡೆಯ ಮಾತು. ಪ್ರತಿಯೊಂದು ಸುಧಾರಣೆಯನ್ನೂ ಹಳೆಯ ಕಾರುಗಳಿಗೆ ಕೊಡಲೇಬೇಕೆಂದರೆ ಸುಧಾರಣೆ ಮಾಡುವುದಕ್ಕೇ ಅವರು ಹೆದರುತ್ತಾರೆ. ಹೊಸದು ಉತ್ತಮ ಎಂದರೆ ಹಳೆಯದು ಕೆಟ್ಟದ್ದು ಎಂದು ಒಪ್ಪಿಕೊಂಡಂತಾಗುತ್ತದಲ್ಲ! ಈ ಹೆದರಿಕೆ ಹುಸಿಯಲ್ಲ. ಅಮೆರಿಕದ ಫೆಡರಲ್ ನ್ಯಾಯಾಲಯಗಳ ಸಾಕ್ಷ್ಯ ನಿಯಮಾವಳಿಯ 407ನೇ ನಿಯಮ ಇದನ್ನು ಗಮನದಲ್ಲಿಟ್ಟುಕೊಂಡಿದೆ. ಹಾನಿಯಾದ ಮೇಲೆ ಕೈಗೊಂಡ ತಿದ್ದುಪಡಿಯನ್ನೇ ತಪ್ಪಿಗೆ ಪುರಾವೆಯಾಗಿ ಒಡ್ಡುವಂತಿಲ್ಲ ಎನ್ನುತ್ತದೆ ಅದು. ಆದರೆ ಅದೇ ದೇಶ 1966ರ ವಾಹನ ಸುರಕ್ಷತಾ ಕಾಯ್ದೆಯಡಿ ಸುರಕ್ಷತೆಯ ದೋಷವನ್ನು ಗ್ರಾಹಕರಿಗೆ ತಿಳಿಸುವ ಕಟ್ಟಳೆಯನ್ನೂ ತಂದಿತು. ಅಂದರೆ ಸುಧಾರಣೆ ಬೇರೆ, ದೋಷ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಉತ್ತರವೂ ಇಲ್ಲಿಯೇ ಇದೆ. ಸುಧಾರಣೆಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಸಾಮಾನ್ಯ ಚಾಲಕ ಸಾಮಾನ್ಯವಾಗಿ ಮಾಡುವ ತಪ್ಪಿಗೆ ಕಾರು ಮರಣದಂಡನೆ ವಿಧಿಸುವಂತಿದ್ದರೆ ತಯಾರಕರು ತಮ್ಮ ಖರ್ಚಿನಲ್ಲಿಯೇ ಅದನ್ನು ತಿದ್ದಿಕೊಡಬೇಕು. ಟಿಟಿ ಈ ಪೈಕಿ. ಎರಡನೆಯದು ಓಡಿಸುವ ಅನುಕೂಲ ಮತ್ತು ಬಾಳಿಕೆಗೆ ಸೇರಿದ್ದು. 1961ರ ಜಾಗ್ವಾರ್ ಇ-ಟೈಪ್ ಕಾರಿನ ಮೊದಲ ಗೇರಿಗೆ ಸಿಂಕ್ರೋಮೆಶ್ ಇರಲಿಲ್ಲ. 1964ರ ಮಾದರಿಯಲ್ಲಿ ಬಂದಿತು. 2017ರಲ್ಲಿ ಜಾಗ್ವಾರ್ ಕಂಪನಿ ಹಳೆಯ ಇ-ಟೈಪ್‌ಗಳನ್ನು ತಾನೇ ಜೀರ್ಣೋದ್ಧಾರ ಮಾಡಿ ಮಾರತೊಡಗಿದಾಗ, ಬಯಸಿದವರಿಗೆ ಸಿಂಕ್ರೋಮೆಶ್ ಗೇರ್‌ಬಾಕ್ಸ್, ಉತ್ತಮ ಕೂಲಿಂಗ್ ವ್ಯವಸ್ಥೆ ಮುಂತಾದವನ್ನು ಅಳವಡಿಸಿಕೊಡಲು ಮುಂದಾಯಿತು. ಇಂಥದನ್ನು ಬಿಟ್ಟಿ ಕೊಡಬೇಕಿಲ್ಲ. ಹಣ ಕೊಟ್ಟವರಿಗೆ ಸಿಗುವಂತಿದ್ದರೆ ಸಾಕು. ಮೂರನೆಯದು ಬರಿಯ ರೂಪ, ಷೋಕಿ. ಅದನ್ನು ಆಯಾ ಕಾಲಕ್ಕೆ ಬಿಟ್ಟುಬಿಡುವುದೇ ಒಳ್ಳೆಯದು.

ಮೊದಲನೆಯ ಗುಂಪಿನ ವಿಷಯದಲ್ಲಿ ಒಡೆಯನ ಇಚ್ಛೆಯೇ ಕೊನೆಯ ಮಾತು ಎನ್ನುವವರು ಒಂದನ್ನು ಮರೆಯುತ್ತಾರೆ. ಸ್ಪೋರ್ಟ್ಸ್ ಕಾರು ಒಬ್ಬರ ಕೈಯಲ್ಲೇ ಉಳಿಯುವುದಿಲ್ಲ. ಹೊಸದರಲ್ಲಿ ಕೊಂಡವನಿಗೆ ಅದರ ಸ್ವಭಾವ ಗೊತ್ತಿರಬಹುದು, ಕಂಪನಿಯ ಪತ್ರವೂ ತಲುಪಿರಬಹುದು. ಹತ್ತಿಪ್ಪತ್ತು ವರ್ಷ ಕಳೆದು ಬೆಲೆ ಇಳಿದಾಗ ಅದು ಸೇರುವುದು ಮೂರನೆಯ, ನಾಲ್ಕನೆಯ ಕೈಗೆ. ಆಗ ಸ್ಟಿಯರಿಂಗ್ ಹಿಡಿಯುವವನು ಅನುಭವವಿಲ್ಲದ, ಸವೆದ ಟೈರು ಬದಲಿಸಲೂ ಹಣ ಸಾಲದ ಹುಡುಗನಿರಬಹುದು. ಪಕ್ಕದ ಸೀಟಿನಲ್ಲಿ ಕೂತವರಿಗೆ, ಎದುರಿನಿಂದ ಬರುವವರಿಗೆ ಆಯ್ಕೆಯೇ ಇರುವುದಿಲ್ಲ.

ಸ್ಪಾಯ್ಲರ್ ಇಲ್ಲದ ಟಿಟಿ ನೋಡಲು ಹೆಚ್ಚು ಚೆಂದ ಎಂಬ ಮಾತನ್ನು ಒಪ್ಪೋಣ. ಅಂಥ ಕಾರುಗಳು ವಸ್ತುಸಂಗ್ರಹಾಲಯಗಳಲ್ಲಿ ಹಾಗೆಯೇ ಉಳಿಯಲಿ. ರಸ್ತೆಗಿಳಿಯುವ ಕಾರಿನ ಮಾತು ಬೇರೆ. ಅದರ ತಯಾರಕರು ಕಲಿತ ಪಾಠಕ್ಕೆ ಯಾರೋ ಪ್ರಾಣದ ಬೆಲೆ ತೆತ್ತಿದ್ದಾರೆ. ಆ ಪಾಠವನ್ನು ಮುಂದಿನ ಮಾದರಿಯ ಗಿರಾಕಿಗಳಿಗಷ್ಟೇ ಮೀಸಲಿಡುವುದು ನ್ಯಾಯವಲ್ಲ.