ದುಃಖದ ಮುಂದೆ ಶ್ರದ್ಧೆ



ಏನೂ ಅರಿಯದ ಶಿಶುವೊಂದು ವ್ಯಾಧಿಯಿಂದ ನರಳುವಾಗ ‘ಇದೇಕೆ?’ ಎಂಬ ಪ್ರಶ್ನೆ ಆಸ್ತಿಕನ ಮನದಲ್ಲಿಯೂ ಏಳುತ್ತದೆ. ದಯಾಮಯನಾದ ಸೃಷ್ಟಿಕರ್ತನನ್ನು ಒಪ್ಪುವವರಿಗೆ ಇದು ಕಠಿಣ ಸಮಸ್ಯೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸೃಷ್ಟಿಕರ್ತೃವಾದವನ್ನೇ ತರ್ಕದಿಂದ ನಿರಾಕರಿಸಿದರು. ಲೋಕ ಅನಾದಿ, ಸುಖದುಃಖಗಳು ಜೀವನು ತಾನೇ ಕಟ್ಟಿಕೊಂಡ ಕರ್ಮದ ಫಲ.

ಆದರೂ ಸಂಶಯ ಅಳಿಯದು. ಜನ್ನ ಕವಿಯ ‘ಯಶೋಧರ ಚರಿತೆ’ಯಲ್ಲಿ (ಕ್ರಿ.ಶ. 1209) ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು; ಅಷ್ಟಕ್ಕೇ ತಾಯಿಮಗ ಇಬ್ಬರೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ತಪ್ಪು ಕಿರಿದು, ಶಿಕ್ಷೆ ಹಿರಿದಲ್ಲವೇ? ಇಲ್ಲಿ ಶಿಕ್ಷಿಸುವವನೇ ಇಲ್ಲ. ಕೊಲ್ಲುವ ಸಂಕಲ್ಪವೇ ಬಂಧಕ್ಕೆ ಕಾರಣವೆಂಬುದು ಕಾವ್ಯದ ಉತ್ತರ.

ತತ್ತ್ವಾರ್ಥಸೂತ್ರವು ಶಂಕೆಯನ್ನು ಸಮ್ಯಗ್ದರ್ಶನದ ಅತಿಚಾರಗಳಲ್ಲಿ ಮೊದಲನೆಯದಾಗಿ ಎಣಿಸಿದೆ. ಅದೇ ಸೂತ್ರಗ್ರಂಥ ಸ್ವಾಧ್ಯಾಯದ ಐದು ಭೇದಗಳಲ್ಲಿ ಪೃಚ್ಛನೆಗೆ, ಎಂದರೆ ಪ್ರಶ್ನಿಸುವುದಕ್ಕೆ, ಎರಡನೆಯ ಸ್ಥಾನವನ್ನು ಕೊಟ್ಟಿದೆ. ಆದ್ದರಿಂದ ತಿಳಿಯುವ ಬಯಕೆಯಿಂದ ಕೇಳುವವನು ದೋಷಿಯಲ್ಲ.

ದೋಷವಿರುವುದು ನೊಂದವನನ್ನು ಕಂಡು ‘ಅವನ ಕರ್ಮ’ ಎಂದು ಮುಖ ತಿರುಗಿಸುವಲ್ಲಿ. ಪ್ರಶಮ, ಸಂವೇಗ, ಅನುಕಂಪೆ, ಆಸ್ತಿಕ್ಯಗಳು ಸಮ್ಯಕ್ತ್ವದ ಲಕ್ಷಣಗಳು. ಅನುಕಂಪೆಯಿಲ್ಲದ ಆಸ್ತಿಕ್ಯ ಅಪೂರ್ಣ.

ವೀತರಾಗ ಬಿಂಬದ ಮುಂದೆ ಕೈಮುಗಿದು ನಿಂತ ಶ್ರಾವಕನಿಗೆ ಆ ಶಿಶುವಿನ ಕರ್ಮದ ಗತಿ ತಿಳಿಯದು; ಅದು ಕೇವಲಜ್ಞಾನಕ್ಕೆ ಗೋಚರವಾದದ್ದು. ಔಷಧದಾನದ ಮಾರ್ಗವಾದರೋ ಅವನಿಗೆ ಇಂದೇ ತೆರೆದಿದೆ.