ಇಳಿಯುವವನು ದಾರಿ ಬಿಡಬೇಕು

(ಶತಮಾನೋತ್ಸವದ ಅಂಗವಾಗಿ ನಡೆದ ವಾಹನಗಳ ಆಶೀರ್ವಾದ ವಿಧಿಗೆ ಮುನ್ನ ಧರ್ಮಕೇಂದ್ರದ ಗುರುಗಳು ನೀಡಿದ ಪ್ರವಚನ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯಕ್ಕೆ ಬರುತ್ತಿದ್ದುದು ಬಹುಮಟ್ಟಿಗೆ ಕಾಲ್ನಡಿಗೆಯಿಂದ, ಇಲ್ಲವೇ ಎತ್ತಿನ ಗಾಡಿಯಲ್ಲಿ. ಇಂದು ಅಂಗಳದ ತುಂಬ ನಿಂತಿರುವ ವಾಹನಗಳನ್ನು ಕಂಡಾಗ ದೇವರಿಗೆ ಕೃತಜ್ಞತೆ ಸಲ್ಲಿಸಬೇಕೆನಿಸುತ್ತದೆ. ಜೊತೆಗೇ ಒಂದಿಷ್ಟು ಭಯವೂ ಆಗುತ್ತದೆ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಅಪಘಾತಗಳಿಂದ ಮಡಿದವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಹತ್ತರಲ್ಲಿ ಏಳು ಸಾವುಗಳಿಗೆ ಅತಿವೇಗವೇ ಕಾರಣ. ಪ್ರಾಯದ ಮಕ್ಕಳ ಶವಪೆಟ್ಟಿಗೆಯ ಮುಂದೆ ನಿಂತು ಪ್ರಾರ್ಥಿಸಿದ ಯಾವ ಗುರುವಿಗೂ ಇದು ಬರಿಯ ಅಂಕಿಯಾಗಿ ಕಾಣಲಾರದು.

ಕರಾವಳಿಗೂ ಮಲೆನಾಡಿಗೂ ನಡುವೆ ಓಡಾಡುವ ನಿಮಗೆ ಶಿರಾಡಿ, ಚಾರ್ಮಾಡಿ, ಆಗುಂಬೆಯ ಘಾಟಿಗಳು ಪರಿಚಿತವಷ್ಟೆ. ಇಕ್ಕಟ್ಟಾದ ತಿರುವಿನಲ್ಲಿ ಎರಡು ವಾಹನಗಳು ಎದುರುಬದುರಾದರೆ ಯಾರು ನಿಲ್ಲಬೇಕು? ಇಳಿದು ಬರುವವನು ನಿಂತು, ಏರಿ ಬರುವವನಿಗೆ ದಾರಿ ಬಿಡಬೇಕು. ಇದು ಚಾಲಕರ ಹಳೆಯ ಮರ್ಯಾದೆ. 1989ರ ರಸ್ತೆ ನಿಯಮಗಳಲ್ಲಿಯೂ ಇದನ್ನು ಬರೆದಿಡಲಾಯಿತು. ಭಾರ ಹೊತ್ತು ಏರುವ ಲಾರಿ ನಡುವೆ ಒಮ್ಮೆ ನಿಂತಿತೆಂದರೆ ಮತ್ತೆ ಹೊರಡುವುದು ಕಷ್ಟ. ಹಿಂದಕ್ಕೆ ಜಾರುವ ಅಪಾಯವೂ ಉಂಟು. ಇಳಿಯುವವನಿಗೆ ಆ ಪಾಡಿಲ್ಲ. ಆದುದರಿಂದ ಯಾರ ದಾರಿ ಸುಲಭವೋ ಅವರ ಹೊಣೆಯೇ ಹೆಚ್ಚು.

ಈ ನಿಯಮವನ್ನು ಬರೆದವರು ಶುಭಸಂದೇಶವನ್ನು ಓದಿ ಬರೆದರೆಂದು ನಾನು ಹೇಳುವುದಿಲ್ಲ. ಆದರೆ ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಓದಿ ನೋಡಿ. ದೇವಸ್ವರೂಪಿಯಾಗಿದ್ದ ಕ್ರಿಸ್ತನು ತನ್ನನ್ನೇ ಬರಿದು ಮಾಡಿಕೊಂಡು ದಾಸನಂತೆ ಇಳಿದು ಬಂದನೆಂದು ಅಲ್ಲಿ ಕಾಣುತ್ತೇವೆ. ಇಳಿದು ಬಂದವನು ತನ್ನ ಹಕ್ಕನ್ನು ಸಾಧಿಸಲಿಲ್ಲ. ಏದುಸಿರು ಬಿಡುತ್ತಾ ಏರುತ್ತಿದ್ದ ನಮಗೆ ದಾರಿ ಬಿಟ್ಟು ತಾನು ಶಿಲುಬೆಯ ಅಂಚಿಗೆ ಸರಿದನು.

ನಮ್ಮ ನಡುವೆ ಹೀಗೆ ಏರುತ್ತಿರುವವರು ಯಾರು? ಪರಿಚಯವಿಲ್ಲದ ಮನೆಗೆ ಸೊಸೆಯಾಗಿ ಬಂದ ಹೆಣ್ಣುಮಗಳು. ಸಾಲ ಮಾಡಿ ಮಗಳನ್ನು ಓದಿಸುತ್ತಿರುವ ಕೂಲಿಕಾರ. ಕುಡಿತ ಬಿಟ್ಟು ಮೂರು ತಿಂಗಳಾದ ಗಂಡಸು. ಇವನ ಏರಿಗಿಂತ ಕಡಿದಾದ ಏರನ್ನು ನಾನು ಕಂಡಿಲ್ಲ. ನಡುವೆ ಒಮ್ಮೆ ನಿಲ್ಲಿಸಿದರೆ ಅವನು ಎಲ್ಲಿಯವರೆಗೆ ಜಾರುವನೋ ಹೇಳಲಾಗದು. ಆದರೂ ಮದುವೆಯ ಚಪ್ಪರದಲ್ಲಿ ಅವನ ಕೈಗೆ ಲೋಟ ಕೊಟ್ಟು ನಗುವವರಿದ್ದಾರೆ. ಅವರಲ್ಲಿ ಕೆಲವರು ಈಗ ನನ್ನ ಮುಂದೆಯೇ ಕುಳಿತಿರಬಹುದು.

ಇಳಿಜಾರಿನಲ್ಲಿ ಇಳಿಯುವವನಿಗೂ ಒಂದು ಅಪಾಯವುಂಟು. ಡೀಸೆಲ್ ಉಳಿಸುವ ಆಸೆಯಿಂದ ಕೆಲವರು ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡುತ್ತಾರೆ. ಆಗ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ತಪ್ಪುತ್ತದೆ. ಏರಿದ ಗೇರಿನಲ್ಲಿಯೇ ಇಳಿಯಬೇಕೆಂದು ಅನುಭವಿ ಚಾಲಕರು ಕಲಿಸುತ್ತಾರೆ. ಕಷ್ಟಕಾಲದಲ್ಲಿ ದಿನವೂ ಜಪಸರ ಹೇಳಿದ ಮನೆಯು, ಮಗ ಗಲ್ಫಿಗೆ ಹೋಗಿ ಹಣ ಬರತೊಡಗಿದ ಮೇಲೆ ಭಾನುವಾರದ ಬಲಿಪೂಜೆಗೂ ಬಿಡುವಿಲ್ಲವೆನ್ನುತ್ತದೆ. ಇದೂ ನ್ಯೂಟ್ರಲ್‌ನಲ್ಲಿ ಇಳಿದಂತೆಯೇ.

ಪ್ರಭು ಹೇಳಿದ ಪ್ರಸಿದ್ಧ ಸಾಮತಿಯೊಂದು ನಡೆಯುವುದೂ ಇಳಿಜಾರಿನ ರಸ್ತೆಯಲ್ಲಿಯೇ. ಜೆರುಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಜೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಕಳ್ಳರ ಕೈಗೆ ಸಿಕ್ಕ ಆ ಪಥಿಕ ಇಳಿಯುತ್ತಿದ್ದ. ಅವನನ್ನು ಕಂಡೂ ಕಾಣದಂತೆ ಬದಿಗೆ ಸರಿದು ಹೋದ ಯಾಜಕನೂ ಇಳಿಯುತ್ತಿದ್ದ ಎಂದು ಸಂತ ಲೂಕರು ಬರೆದಿದ್ದಾರೆ. ಯಾಜಕನಾದ ನನಗೆ ಈ ಭಾಗವನ್ನು ಓದುವಾಗಲೆಲ್ಲ ಕಸಿವಿಸಿಯಾಗುತ್ತದೆ. ಅವನ ದಾರಿ ಸುಲಭವಾಗಿತ್ತು, ಆದರೂ ನಿಲ್ಲಲಿಲ್ಲ. ನಿಂತವನು ಸಮಾರಿಯದವನು; ತನ್ನ ವಾಹನದಿಂದ ತಾನಿಳಿದು ಗಾಯಾಳುವನ್ನು ಅದರ ಮೇಲೆ ಕೂರಿಸಿದನು.

ಗಾಯಾಳುವಿಗೆ ನೆರವಾದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಅಂಜಿಕೆ ನಮ್ಮ ಜನರಲ್ಲಿ ಇನ್ನೂ ಉಂಟು. ಅದಕ್ಕೀಗ ಆಧಾರವಿಲ್ಲ. ಇಂಥ ಉಪಕಾರಿಗಳ ರಕ್ಷಣೆಗಾಗಿ ರಚಿಸಿದ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರಲ್ಲಿ ಕಾನೂನಿನ ಬಲ ನೀಡಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೇ ಈ ರಕ್ಷಣೆಯನ್ನು ಸೇರಿಸಲಾಯಿತು. ಆ ಕಾಯಿದೆ ಅವರನ್ನು ಕರೆಯುವ ಹೆಸರು ಯಾವುದು ಗೊತ್ತೇ? ‘ಗುಡ್ ಸಮಾರಿಟನ್’! ಸಂತ ಲೂಕರ ಸಾಮತಿಯ ಹೆಸರು ಭಾರತದ ಕಾನೂನಿನಲ್ಲಿದೆ. ಅದನ್ನು ಮೊದಲು ಪಾಲಿಸಬೇಕಾದವರು ನಾವಲ್ಲವೇ? ವ್ಯಾಟಿಕನ್ನಿನಿಂದ 2007ರಲ್ಲಿ ಹೊರಟ ರಸ್ತೆ ಸಂಬಂಧದ ಮಾರ್ಗದರ್ಶಿಯಲ್ಲಿ ಚಾಲಕರಿಗೆಂದೇ ಹತ್ತು ಆಜ್ಞೆಗಳಿವೆ. ಮೊದಲನೆಯದು ಸಿನಾಯ್ ಬೆಟ್ಟದಲ್ಲಿ ಕೊಟ್ಟ ಐದನೆಯ ಆಜ್ಞೆಯೇ, ನರಹತ್ಯೆ ಮಾಡಬಾರದೆಂಬುದು. ಕುಡಿದು ಗಾಡಿ ಹತ್ತುವವರು ಇದನ್ನು ಪಾಪನಿವೇದನೆಯಲ್ಲಿ ಹೇಳುವುದೇ ಅಪರೂಪ.

ಇನ್ನು ಸಂತ ಕ್ರಿಸ್ತೋಫರರ ವಿಚಾರ. 1969ರಲ್ಲಿ ಅವರನ್ನು ಸಂತರ ಪಟ್ಟಿಯಿಂದ ತೆಗೆದುಹಾಕಿದರೆಂದು ಕೆಲವರು ನನ್ನೊಡನೆ ವಾದಿಸಿದ್ದುಂಟು. ಹಾಗಲ್ಲ. ಸಾರ್ವತ್ರಿಕ ಪಂಚಾಂಗದಿಂದ ಅವರ ಹಬ್ಬವನ್ನು ಬಿಡಲಾಯಿತು, ಅಷ್ಟೆ. ರೋಮಿನ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಅವರ ಹೆಸರು ಇಂದಿಗೂ ಇದೆ. ಗಾಡಿಯಲ್ಲಿ ಅವರ ಚಿತ್ರವನ್ನು ಅಂಟಿಸಿಕೊಂಡವರು ಕೀಳಬೇಕಾಗಿಲ್ಲ. ಆದರೆ ಆ ಚಿತ್ರವಾಗಲಿ, ಈಗ ನಡೆಯಲಿರುವ ಆಶೀರ್ವಾದವಾಗಲಿ ಅತಿವೇಗಕ್ಕೆ ಕೊಟ್ಟ ವಿಮೆಯಲ್ಲ. ಕ್ರಿಸ್ತೋಫರ್ ಎಂದರೆ ಗ್ರೀಕಿನಲ್ಲಿ ಕ್ರಿಸ್ತನನ್ನು ಹೊತ್ತವನು ಎಂದರ್ಥ. ಹೆಗಲ ಮೇಲೆ ಮಗುವನ್ನು ಹೊತ್ತವನು ನದಿಯಲ್ಲಿ ಓಡುವುದಿಲ್ಲ.

ಈಗ ಅಂಗಳಕ್ಕೆ ಹೋಗೋಣ. ಪವಿತ್ರ ಜಲವನ್ನು ಪ್ರೋಕ್ಷಿಸುವಾಗ ಎಲ್ಲರೂ ಎಂಜಿನ್ ನಿಲ್ಲಿಸಿರಬೇಕು. ಲಾರಿ, ಕಾರುಗಳವರು ದಯವಿಟ್ಟು ಸ್ವಲ್ಪ ತಾಳಿ. ಮೊದಲು ಆಟೋಗಳು ಬರಲಿ, ಅವರಿಗಿದು ಬಾಡಿಗೆಯ ಹೊತ್ತು.