ಒಂದೇ ಪೆಟ್ಟು, ಬೇರೆ ಬೇರೆ ತಗ್ಗು



ಕಪ್ಪತಗುಡ್ಡದ ಮೇಲೆ ಏಳುವ ಹುಣ್ಣಿಮೆ ಚಂದ್ರನನ್ನು ಇದೇ ಬಯಲಲ್ಲಿ ನಿಂತು ನೋಡಿದವನು ನಾನು. ಅದರೊಳಗಿನ ಕಪ್ಪು ಕಲೆ ಮೊಲವೆಂದು ಮನೆಯಲ್ಲಿ ಕೇಳಿದ್ದೆ. ಬಾಹ್ಯಾಕಾಶದ ಬಂಡೆಗಳು ಬಡಿದು ಆದ ತಗ್ಗುಗಳಲ್ಲಿ ಲಾವಾ ತುಂಬಿ ಅಂಥ ಕಲೆಗಳಾದವೆಂದು ಕಲಿತದ್ದು ಈ ಶಾಲೆಯಲ್ಲಿ. ತಗ್ಗು ದೊಡ್ಡದಿದ್ದರೆ ಬಡಿದ ಬಂಡೆಯೂ ದೊಡ್ಡದು ಎಂದುಕೊಂಡಿದ್ದೆ. ಆ ಲೆಕ್ಕ ಅರ್ಧ ಮಾತ್ರ ಸರಿ.

ನಮ್ಮ ಅಡುಗೆಮನೆಯ ಬೆಲ್ಲವನ್ನೇ ನೋಡಿ. ತಣ್ಣಗಿದ್ದರೆ ಕುಟ್ಟಿದಾಗ ಚೂರಾಗಿ ಸಿಡಿಯುತ್ತದೆ. ಒಲೆಯ ಪಕ್ಕ ಇಟ್ಟಿದ್ದರೆ ಬೆರಳು ಒತ್ತಿದರೂ ತಗ್ಗು ಬೀಳುತ್ತದೆ. ಬಂಡೆಯೂ ಹಾಗೆಯೇ. ತಣ್ಣಗಿನದು ಒಡೆಯುತ್ತದೆ, ಕರಗುವ ಮಟ್ಟಕ್ಕೆ ಸಮೀಪ ಕಾದದ್ದು ಬಲ ಕಳೆದುಕೊಂಡು ಹರಿಯುತ್ತದೆ.

ನೆರೆಯ ಮಹಾರಾಷ್ಟ್ರದ ಲೋಣಾರ್ ಸರೋವರ ಅಂಥ ಪೆಟ್ಟಿನ ತಗ್ಗು. ಲಾವಾ ತಣಿದು ಗಟ್ಟಿಯಾದ ಕರಿಕಲ್ಲಿನ ಮೇಲೆ ಬಿದ್ದದ್ದರಿಂದ ಸುಮಾರು 1.8 ಕಿಲೋಮೀಟರ್ ಅಗಲದ ಬೋಗುಣಿಯಾಗಿ ಉಳಿದಿದೆ.

ಚಂದ್ರನ ಕಥೆ ಬೇರೆ. ನಮಗೆ ಕಾಣುವ ಮುಖದಲ್ಲಿ ಅಗಲವಾದ ತಗ್ಗುಗಳು ಹೆಚ್ಚು, ಹಿಂದಿನ ಮುಖದಲ್ಲಿ ಕಡಿಮೆ. 2012ರಲ್ಲಿ ಅಮೆರಿಕದ ಗ್ರೇಲ್ ಎಂಬ ಜೋಡಿ ನೌಕೆಗಳು ಚಂದ್ರನ ಗುರುತ್ವವನ್ನು ಅಳೆದವು. ಆ ಅಳತೆಗಳಿಂದ 2013ರಲ್ಲಿ ವಿಜ್ಞಾನಿಗಳು ಕಾರಣ ಹೇಳಿದರು: ಸುಮಾರು 400 ಕೋಟಿ ವರ್ಷಗಳ ಹಿಂದೆ, ಥೋರಿಯಂ, ಯುರೇನಿಯಂಗಳ ಶಾಖದಿಂದ ಈ ಮುಖದ ಒಡಲು ಹೆಚ್ಚು ಬಿಸಿಯಾಗಿತ್ತು. ಅಷ್ಟೇ ದೊಡ್ಡ ಬಂಡೆ ಬಡಿದರೂ ಇಲ್ಲಿ ತಗ್ಗು ಎರಡು ಪಟ್ಟಿನವರೆಗೂ ಅಗಲವಾಗಬಲ್ಲದು.

ಇದು ಬಿಸಿಲಿನ ಕಾವಲ್ಲ. 2023ರಲ್ಲಿ ನಮ್ಮ ಚಂದ್ರಯಾನ-3 ಹಗಲಿನಲ್ಲೇ ಅಳೆದಾಗ, ಮೇಲ್ಮಣ್ಣು 50 ಡಿಗ್ರಿಗೂ ಮೀರಿ ಕಾದಿತ್ತು. ಎಂಟೇ ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕಡಿಮೆಯಿತ್ತು. ತಗ್ಗನ್ನು ಹಿಗ್ಗಿಸಿದ್ದು ಹತ್ತಾರು ಕಿಲೋಮೀಟರ್ ಆಳದ ಕಾವು.

ಇದರಿಂದೇನು ಎನ್ನಬಹುದು. ಎಳೆಯ ಭೂಮಿಗೆ ಎಷ್ಟು ಪೆಟ್ಟು ಬಿತ್ತೆಂದು ನಾವು ಎಣಿಸುವುದು ಚಂದ್ರನ ತಗ್ಗುಗಳನ್ನು ನೋಡಿಯೇ. ಇಲ್ಲಿ ಅವು ಬೇಗ ಸವೆದು ಅಳಿದಿವೆ. ನಮಗೆ ಕಾಣುವ ಮುಖವನ್ನಷ್ಟೇ ನಂಬಿದರೆ ಪೆಟ್ಟಿನ ಲೆಕ್ಕ ಹೆಚ್ಚಾಗುತ್ತದೆ.

ಮಕ್ಕಳೇ, ನಾಳೆಯೇ ಎರಡು ಮೇಣದ ಉಂಡೆ ಮಾಡಿ, ಒಂದನ್ನು ಬಿಸಿಲಿಗಿಡಿ, ಇನ್ನೊಂದನ್ನು ತಣ್ಣೀರಲ್ಲಿಡಿ. ಒಂದೇ ಎತ್ತರದಿಂದ ಒಂದೇ ಗೋಲಿ ಬಿಡಿ. ತಗ್ಗು ಅಳೆದು ಬರೆಯಿರಿ. ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ: ಉತ್ತರವನ್ನು ಮೊದಲೇ ಹೇಳಬೇಡಿರಿ.